ಕೆಂಚನ ಅಳತೆ

"ನಮ್ಮನೆ ಬೆಕ್ಕಿಗೊಂದು ಕಂಬ ಬೇಕು" ಎಂದಾಗ ಬಡಗಿ ಆಚಾರ್ರು ನಗಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಕಾಲಬುಡದಲ್ಲಿ ಬಿದ್ದಿದ್ದ ಪ್ಲೈವುಡ್ ತುಂಡನ್ನು ತೊಡೆಯ ಮೇಲಿಟ್ಟುಕೊಂಡು, "ಅಳತೆ ಹೇಳಿ ಅಮ್ಮಾ" ಎಂದರು. ಮೂರಡಿ ಎತ್ತರ, ನಾಲ್ಕಿಂಚು ದಪ್ಪ ಎಂದು ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು. "ಕಂಬದ ಅಳತೆ ಆಮೇಲೆ. ಬೆಕ್ಕಿಂದು ಹೇಳಿ. ಕುರ್ಚಿ ಮಾಡೋಕೆ ಮುಂಚೆ ಕೂರೋರ ಮೊಣಕಾಲು ನೋಡ್ಬೇಕಲ್ವಾ? ಅದು ಎದ್ದು ನಿಂತ್ರೆ ಎಷ್ಟುದ್ದ, ಸುತ್ಕೊಂಡು ಮಲಗಿದ್ರೆ ಎಷ್ಟಗಲ, ತೂಕ ಎಷ್ಟು, ಎಲ್ಲಾ ಬರ್ಕೊಂಡು ಬನ್ನಿ." ಪೆನ್ಸಿಲ್ ಮತ್ತೆ ಕಿವಿ ಸೇರಿತು.

ಅಷ್ಟು ಹೊತ್ತಿಗೆ ನಾನೇ ಒಂದು ಕಂಬ ಮಾಡಿ ಕೆಡಿಸಿದ್ದೆ. ಮಳೆಗಾಲದ ಒಂದು ಸಂಜೆ ಮಗಳು ಶಾಲೆಯ ಚೀಲದಲ್ಲಿಟ್ಟು ತಂದ ಅಂಗೈಯಗಲದ ಮರಿ ಎರಡು ವರ್ಷದಲ್ಲಿ ನಾಲ್ಕೂವರೆ ಕಿಲೋ ತೂಗುವ ಗಂಡುಬೆಕ್ಕಾಗಿತ್ತು. ಮೈತುಂಬ ಕೆಂಚು ಬಣ್ಣ, ಅದಕ್ಕೆ ಕೆಂಚ. ನಮ್ಮದು ಮೈಸೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಕೆಳಗೆ ರಸ್ತೆ, ವಾಹನ, ನಾಯಿಗಳ ಹಿಂಡು. ಅವನನ್ನು ಹೊರಗೆ ಬಿಡುವ ಧೈರ್ಯ ನಮಗಿರಲಿಲ್ಲ. ಒಳಗೆ ಅವನು ಸೋಫಾದ ಎರಡೂ ಮೂಲೆಗಳನ್ನು ಹರಿದು ಹತ್ತಿ ಹೊರಗೆಳೆದಿದ್ದ, ಬೆತ್ತದ ಕುರ್ಚಿಯ ಬೆನ್ನು ಬಿಚ್ಚಿದ್ದ. ನಾನು ಬೈದೆ, ಕಾಗದ ಸುರುಳಿ ಮಾಡಿ ನೆಲಕ್ಕೆ ಬಡಿದು ಹೆದರಿಸಿದೆ, ಒಂದೆರಡು ಸಲ ಮುಖಕ್ಕೆ ನೀರೂ ಎರಚಿದೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವನು ಮಾಡುತ್ತಿದ್ದದ್ದು ತುಂಟತನವಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಬೆಕ್ಕಿನ ಉಗುರು ಪದರ ಪದರವಾಗಿ ಬೆಳೆಯುತ್ತದೆ. ಹೊರಗಿನ ಪೊರೆ ಹಳತಾದಾಗ ಅದನ್ನು ಎಲ್ಲಿಗಾದರೂ ಸಿಕ್ಕಿಸಿ ಎಳೆದು ಕಳಚಬೇಕು. ಆಗ ಒಳಗಿನ ಚೂಪು ಉಗುರು ಹೊರಗೆ ಬರುತ್ತದೆ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳಲ್ಲಿ ಮುಂಗಾಲಿನವನ್ನು ಅದು ಹೀಗೆ ನೋಡಿಕೊಳ್ಳುತ್ತದೆ. ಕಾಲ್ಬೆರಳುಗಳ ನಡುವೆ ವಾಸನೆಯ ಗ್ರಂಥಿಗಳಿವೆ. ಕೆರೆಯುವಾಗ ಆ ವಾಸನೆ ಕೆರೆದ ಜಾಗಕ್ಕೆ ಹತ್ತುತ್ತದೆ. ನಮ್ಮ ಮೂಗಿಗೆ ಅದು ಸಿಕ್ಕುವುದಿಲ್ಲ, ಆದರೆ ಬೆಕ್ಕಿಗೆ ಅದು ಮನೆ ಬಾಗಿಲಿನ ಹೆಸರಿನ ಫಲಕ. ಕೆರೆಯಲು ಮೂರನೆಯ ಕಾರಣ ಮೈಮುರಿಯುವುದು. ನಿದ್ದೆಯಿಂದೆದ್ದ ಬೆಕ್ಕು ಎತ್ತರದಲ್ಲಿ ಉಗುರು ಊರಿ, ಇಡೀ ಮೈತೂಕ ಹಿಂದಕ್ಕೆ ಹಾಕಿ ಎಳೆಯುತ್ತದೆ. ಭುಜ, ಬೆನ್ನು, ತೊಡೆಯ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ. ಇದನ್ನು ಬೇಡ ಎನ್ನುವುದು ಬೆಳಿಗ್ಗೆ ಎದ್ದವರಿಗೆ ಆಕಳಿಸಬೇಡಿ ಎಂದ ಹಾಗೆ. ಅಮೆರಿಕದಲ್ಲಿ ಸೋಫಾ ಉಳಿಸಲು ಬೆಕ್ಕಿನ ಉಗುರನ್ನೇ ತೆಗೆಸುವ ಶಸ್ತ್ರಚಿಕಿತ್ಸೆ ಬಹುಕಾಲ ನಡೆದುಬಂತು. ಉಗುರು ತೆಗೆಯುವುದು ಎಂದು ಹೆಸರು, ಆದರೆ ಕತ್ತರಿಸುವುದು ಪ್ರತಿ ಬೆರಳಿನ ಕೊನೆಯ ಮೂಳೆಯನ್ನು. ನ್ಯೂಯಾರ್ಕ್ ರಾಜ್ಯ ಅದನ್ನು 2019ರಲ್ಲಿ ನಿಷೇಧಿಸಿತು.

ಸಕಲೇಶಪುರದ ಕಡೆಯ ನಮ್ಮ ಹಳೇ ಮನೆಯಲ್ಲಿ ಬೆಕ್ಕು ಎಲ್ಲಿ ಕೆರೆಯಬೇಕು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಜಾರದ ಹಲಸಿನ ಕಂಬವೊಂದರಲ್ಲಿ ನೆಲದಿಂದ ಎರಡಡಿ ಮೇಲೆ ಬೆಳ್ಳಗೆ ಸವೆದ ಒಂದು ಜಾಗವಿತ್ತು. ನಾನು ಚಿಕ್ಕವಳಿದ್ದಾಗ ಅದನ್ನು ಯಾರೋ ಕತ್ತಿಯಲ್ಲಿ ಕೆತ್ತಿದ್ದಾರೆ ಅಂದುಕೊಂಡಿದ್ದೆ. ಅದು ಮೂರು ನಾಲ್ಕು ತಲೆಮಾರಿನ ಬೆಕ್ಕುಗಳು ಕೆರೆದ ಗುರುತು ಎಂದು ಅಮ್ಮ ಆಮೇಲೆ ಹೇಳಿದಳು. ಆ ಬೆಕ್ಕುಗಳಿಗೆ ಹತ್ತಲು ಅಟ್ಟವಿತ್ತು, ಮಲಗಲು ಬೂದಿ ಬೆಚ್ಚಗಿರುವ ಒಲೆಯಿತ್ತು, ಅಡಗಲು ಸೌದೆಯ ಒಟ್ಟಲಿತ್ತು, ನೋಡಲು ಅಂಗಳವಿತ್ತು. ಯಾರೂ ಅವಕ್ಕೆಂದು ಏನನ್ನೂ ಮಾಡಿರಲಿಲ್ಲ. ಟೈಲ್ಸು, ಗಾಜು, ಬಣ್ಣ ಹೊಡೆದ ಗೋಡೆಯ ನಮ್ಮ ಮನೆಯಲ್ಲಿ ಉಗುರೂರಲು ಸಿಕ್ಕುವ ವಸ್ತು ಸೋಫಾ ಒಂದೇ. ಮನೆಯಿಂದ ಕಂಬ, ಅಟ್ಟ, ಒಲೆ, ಸೌದೆ ಎಲ್ಲವನ್ನೂ ತೆಗೆದವರು ನಾವು. ತೆಗೆದದ್ದನ್ನು ಮರದಲ್ಲಿ ಮತ್ತೆ ಕಟ್ಟಿಕೊಡುವ ಕೆಲಸವೂ ನಮ್ಮದೇ ಎಂದು ನನಗೆ ನಿಧಾನವಾಗಿ ಅರ್ಥವಾಯಿತು.

ನನ್ನ ಮೊದಲ ಕಂಬದ ತಳ ಒಂದಡಿ ಚೌಕ. ಅದರ ನಡುವೆ ನೀರಿನ ಪೈಪು ನಿಲ್ಲಿಸಿ, ಹಳೇ ಕಾರ್ಪೆಟ್ ಸುತ್ತಿ, ನೆತ್ತಿಗೊಂದು ಹಲಗೆ ಹೊಡೆದಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಕೆಂಚ ಅಡುಗೆಮನೆಯಿಂದ ಓಡಿ ಬಂದು ಒಂದೇ ನೆಗೆತಕ್ಕೆ ಮೇಲೇರಿದ. ಕಂಬ ಅವನನ್ನು ಹೊತ್ತುಕೊಂಡೇ ಮಗುಚಿ ಟೀವಿ ಸ್ಟ್ಯಾಂಡಿಗೆ ಬಡಿಯಿತು. ಅವನಿಗೆ ಪೆಟ್ಟಾಗಲಿಲ್ಲ, ಆದರೆ ಹಾಸಿಗೆಯ ಕೆಳಗೆ ಸೇರಿದವನು ರಾತ್ರಿಯವರೆಗೆ ಹೊರಗೆ ಬರಲಿಲ್ಲ. ಆಮೇಲೆ ಎರಡು ತಿಂಗಳು ಆ ಕಂಬದ ಪಕ್ಕ ಹಾದುಹೋಗುವಾಗ ಗೋಡೆಗೆ ಅಂಟಿಕೊಂಡೇ ನಡೆಯುತ್ತಿದ್ದ. ಒಮ್ಮೆ ಅಲುಗಾಡಿದ ವಸ್ತುವನ್ನು ಬೆಕ್ಕು ಮತ್ತೆ ನಂಬುವುದು ಕಷ್ಟ. ಅದನ್ನು ಬಿಚ್ಚಿ ಹಾಕಿ ಆಚಾರ್ರ ಅಂಗಡಿಗೆ ಹೋದದ್ದು ಆಗ.

ಅಳತೆ ತೆಗೆದುಕೊಳ್ಳಲು ಮೂರು ದಿನ ಹಿಡಿಯಿತು. ಟೇಪು ಕಂಡರೆ ಅದರ ಜೊತೆ ಆಡುವ ಪ್ರಾಣಿಯನ್ನು ಅಳೆಯುವುದಕ್ಕೆ ತಾಳ್ಮೆ ಬೇಕು. ನಿದ್ದೆಯಿಂದೆದ್ದು ಸೋಫಾಕ್ಕೆ ಉಗುರೂರಿ ನಿಂತಾಗ ಅವನ ಪಾದ ಮುಟ್ಟಿದ ಜಾಗಕ್ಕೆ ಸೀಮೆಸುಣ್ಣ ಹಚ್ಚಿದೆ: ನೆಲದಿಂದ 31 ಇಂಚು. ಸುತ್ತಿಕೊಂಡು ಮಲಗಿದಾಗ ಅಡ್ಡಗಲ 14 ಇಂಚು. ಬಿಸಿಲಲ್ಲಿ ಕೈಕಾಲು ಚಾಚಿ ಬಿದ್ದುಕೊಂಡರೆ ಅದರ ಎರಡರಷ್ಟು. ಭುಜದ ಎತ್ತರ 10 ಇಂಚು. ಅಳೆಯುತ್ತ ಕೂತಾಗ ಮೊದಲು ಕಣ್ಣಿಗೆ ಬೀಳದಿದ್ದವೂ ಕಂಡವು. ಅವನು ಯಾವಾಗಲೂ ಎಡ ಪಕ್ಕೆಗೆ ಮಲಗುತ್ತಾನೆ. ಮಲಗುವ ಜಾಗದ ಹಿಂದೆ ಗೋಡೆಯೋ ದಿಂಬೋ ಇರಬೇಕು, ಮುಂದೆ ಬಾಗಿಲು ಕಾಣಬೇಕು. ಎದ್ದ ಮೇಲೆ ನಾಲ್ಕು ಹೆಜ್ಜೆಯೊಳಗೆ ಕೆರೆಯಲು ಜಾಗ ಸಿಕ್ಕಬೇಕು. ಕಂಬವನ್ನು ಚೆನ್ನಾಗಿ ಕಾಣುವುದಿಲ್ಲವೆಂದು ಮೂಲೆಗೆ ತಳ್ಳಿದವರು ಕೊನೆಗೆ "ನಮ್ಮ ಬೆಕ್ಕು ಅದನ್ನು ಮುಟ್ಟುವುದೇ ಇಲ್ಲ" ಎನ್ನುವುದು ಇದಕ್ಕೇ. ಚೀಟಿ ನೋಡಿದ ಆಚಾರ್ರು, "31 ಅಂದ್ರೆ ಕಂಬ 36 ಇರ್ಲಿ. ಅದು ಕೈ ಚಾಚಿದ ಮೇಲೂ ಐದಿಂಚು ಮಿಗಬೇಕು" ಎಂದರು.

ಕಂಬಕ್ಕೆ ಸಿಲ್ವರ್ ಓಕ್ ಸಿಕ್ಕಿತು. ಆಸ್ಟ್ರೇಲಿಯಾದಿಂದ ಬಂದು ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಆಸರೆಯಾದ ಮರ. ಸೋದರಮಾವನ ತೋಟದಲ್ಲಿ ಕಡಿದು ವರ್ಷಗಟ್ಟಲೆ ಶೆಡ್ಡಿನಲ್ಲಿ ಒಣಗಿದ ನಾಲ್ಕಿಂಚು ದಪ್ಪದ ಗಳವೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದೆ. ಆಚಾರ್ರು ಅದರ ತುದಿಗಳನ್ನು ಗರಗಸದಲ್ಲಿ ನೇರ ಮಾಡಿ, ಮೂಲಮಟ್ಟ ಹಿಡಿದು ನಾಲ್ಕೂ ಕಡೆ ನೋಡಿದರು. ಒಂದು ಕೂದಲಿನಷ್ಟು ವಾರೆಯಿದ್ದರೂ ಮೂರಡಿ ಮೇಲೆ ಅದು ಬೆರಳಗಲ ವಾಲುತ್ತದೆ. ಮರದ ತುದಿಗೆ, ಅಂದರೆ ನಾರುಗಳ ಬಾಯಿಗೆ, ಸ್ಕ್ರೂ ಹೊಡೆದರೆ ಹಿಡಿತ ಕಡಿಮೆ ಎಂಬುದನ್ನು ಅವರಿಂದಲೇ ಕಲಿತದ್ದು. ಹಾಗಾಗಿ ತಳಕ್ಕೆ ಎರಡು ಹಲಗೆ. ಕೆಳಗಿನದರ ಅಡಿಯಿಂದ ಕಂಬಕ್ಕೆ ನಾಲ್ಕು ಉದ್ದನೆಯ ಸ್ಕ್ರೂ. ಮೇಲಿನದರಲ್ಲಿ ಕಂಬದ ದಪ್ಪಕ್ಕೆ ಸರಿಯಾದ ತೂತು. ಕಂಬಕ್ಕೆ ಮೇಲಿಂದ ಬಳೆ ತೊಡಿಸಿದ ಹಾಗೆ ಅದು ಇಳಿಯುತ್ತದೆ. ಎರಡರ ನಡುವೆ, ರೀಪರಿನ ಅಂಚು ಕಟ್ಟಿದ ಪೊಳ್ಳಿನಲ್ಲಿ, ಯಾರದೋ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡುಗಳು. ತಳ ಎರಡಡಿ ಚೌಕ, ಕಲ್ಲಿನದೇ ಹದಿನೈದು ಕಿಲೋ ತೂಕ. "ಈಗ ಹುಲಿ ಬಂದ್ರೂ ಅಲ್ಲಾಡಲ್ಲ" ಎಂದು ಆಚಾರ್ರು ಕಂಬವನ್ನು ಭುಜದಿಂದ ನೂಕಿ ತೋರಿಸಿದರು.

ಹಗ್ಗ ಸುತ್ತುವ ಕೆಲಸ ನನ್ನ ಪಾಲಿಗೆ ಬಂತು. ಕಾರ್ಪೆಟ್ ಬೇಡ ಎಂದು ಆಗಲೇ ತೀರ್ಮಾನವಾಗಿತ್ತು. ಅದರ ಕುಣಿಕೆಗಳಿಗೆ ಉಗುರು ಸಿಕ್ಕಿಕೊಂಡರೆ ಬೆಕ್ಕು ಗಾಬರಿಯಾಗಿ ಎಳೆಯುತ್ತದೆ. ತೆಂಗಿನ ನಾರಿನ ಹಗ್ಗ ನಮ್ಮಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ, ಆದರೆ ಬೇಗ ಉದುರುತ್ತದೆ, ಸಿಬಿರು ಹೆಚ್ಚು. ಹೊರದೇಶದ ಬೆಕ್ಕಿನ ಕಂಬಗಳಿಗೆಲ್ಲ ಸಿಸಾಲ್ ಹಗ್ಗ ಸುತ್ತಿರುತ್ತಾರೆ ಎಂದು ಓದಿ, ಅದೇನು ದುಬಾರಿ ವಸ್ತುವೋ ಎಂದು ಹುಡುಕಿದೆ. ಸಿಸಾಲ್ ಎಂದರೆ ಕತ್ತಾಳೆ! ಮೆಕ್ಸಿಕೋದ ಯುಕಟಾನ್ ತೀರದ ಸಿಸಾಲ್ ಬಂದರಿನಿಂದ ಅದರ ನಾರು ಹಡಗು ಹತ್ತುತ್ತಿದ್ದುದರಿಂದ ಆ ಹೆಸರು. ಬಯಲುಸೀಮೆಯ ಹೊಲಗಳ ಬೇಲಿಯಲ್ಲಿ ಮುಳ್ಳು ಚಾಚಿ ನಿಂತಿರುವ, ಪಟ್ಟೆಗಳನ್ನು ನೀರಲ್ಲಿ ಕೊಳೆಹಾಕಿ ಬಡಿದು ನಾರು ತೆಗೆದು ದನದ ಹಗ್ಗ ಹೊಸೆಯುತ್ತಿದ್ದ ಕತ್ತಾಳೆಯ ಬಳಗದ್ದೇ ಅದು. ದೇವರಾಜ ಮಾರುಕಟ್ಟೆಯ ಹತ್ತಿರ ಹಗ್ಗದ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು "ಹಸು ಕಟ್ಟೋಕಾ?" ಎಂದು ಕೇಳಿ, ಸುರುಳಿ ಇಳಿಸಿ ಕೊಟ್ಟರು.

ನಾಲ್ಕಿಂಚು ಕಂಬಕ್ಕೆ ಎಂಟು ಮಿಲಿಮೀಟರ್ ದಪ್ಪದ ಹಗ್ಗ. ಒಂದು ಸುತ್ತಿಗೆ ಸುಮಾರು 34 ಸೆಂಟಿಮೀಟರ್ ಬೇಕು. 33 ಇಂಚು ಎತ್ತರ ಮುಚ್ಚಲು 105 ಸುತ್ತು, ಅಂದರೆ 36 ಮೀಟರ್. ಈ ಲೆಕ್ಕವನ್ನು ಮಗಳು ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮಾಡಿಕೊಟ್ಟಳು. ನಾನು 40 ಮೀಟರ್ ತಂದೆ. ಕಂಬವನ್ನು ನೆಲಕ್ಕೆ ಮಲಗಿಸಿ, ಬುಡದಲ್ಲಿ ಹಗ್ಗದ ತುದಿಗೆ ಮೊಳೆ ಹೊಡೆದು, ಒಂದು ಗೇಣಿನಷ್ಟು ಫೆವಿಕಾಲ್ ಹಚ್ಚಿ, ಅವಳು ಕಂಬ ಉರುಳಿಸಿದ ಹಾಗೆ ನಾನು ಹಗ್ಗ ಬಿಗಿ ಹಿಡಿಯುತ್ತ ಹೋದೆ. ಹತ್ತು ಸುತ್ತಿಗೊಮ್ಮೆ ನಿಂತು, ಹಗ್ಗಕ್ಕೆ ಮರದ ತುಂಡು ಆನಿಸಿ ಕೊಡತಿಯಿಂದ ಬಡಿದು, ಸುತ್ತುಗಳನ್ನು ಒಂದಕ್ಕೊಂದು ಒತ್ತಬೇಕು. ಇಲ್ಲದಿದ್ದರೆ ತಿಂಗಳೊಳಗೆ ಹಗ್ಗ ಸಡಿಲಾಗಿ ಜಾರುತ್ತದೆ. ನಲವತ್ತನೇ ಸುತ್ತಿನ ಹೊತ್ತಿಗೆ ಅಂಗೈ ಕೆಂಪಾಗಿತ್ತು, ಮನೆಯೆಲ್ಲ ಒಣಹುಲ್ಲಿನ ವಾಸನೆ. ಅರವತ್ತರ ಹೊತ್ತಿಗೆ ಕೆಂಚ ಹಾಸಿಗೆಯ ಅಡಿಯಿಂದ ಹೊರಬಂದ. ಹಗ್ಗದ ತುದಿ ನೆಲದ ಮೇಲೆ ಹಾವಿನ ಹಾಗೆ ಎಳೆದಾಡುವುದನ್ನು ಕೂತು ನೋಡಿದ. ಕಂಬವನ್ನು ಅವನು ಮಲಗುವ ಕಿಟಕಿಯ ಪಕ್ಕ ನಿಲ್ಲಿಸಿದೆವು. ಆ ರಾತ್ರಿ ಯಾರೂ ಅವನನ್ನು ಕರೆಯಲಿಲ್ಲ, ತೋರಿಸಲಿಲ್ಲ. ಬೆಳಿಗ್ಗೆ ಐದು ಗಂಟೆಗೆ ಚರ್ರ್, ಚರ್ರ್ ಎಂದು ಕೇಳಿತು. ಎದ್ದು ನೋಡಿದರೆ ಹಿಂಗಾಲ ಮೇಲೆ ನಿಂತು, ಬೆನ್ನನ್ನು ಬಿಲ್ಲಿನ ಹಾಗೆ ಬಾಗಿಸಿ, ಕಣ್ಣು ಅರ್ಧ ಮುಚ್ಚಿಕೊಂಡು ಕಂಬ ಎಳೆಯುತ್ತಿದ್ದ. ನನ್ನ ಕಣ್ಣು ತೇವವಾಯಿತು.

ಅಲ್ಲಿಂದ ನನಗೆ ಈ ಕೆಲಸ ಹತ್ತಿತು. ಎರಡನೆಯದಾಗಿ ಕಿಟಕಿಯ ಮೇಲಕ್ಕೊಂದು ಅಟ್ಟ ಮಾಡಿದೆ. ಕೆಡವಿದ ಮನೆಗಳ ಹಳೇ ಮರ ಮಾರುವ ಕಡೆ ಹಲಸಿನ ಕಿಟಕಿ ಚೌಕಟ್ಟೊಂದು ಸಿಕ್ಕಿತ್ತು. ಮೇಲ್ಪದರ ಕಪ್ಪು, ಎಣ್ಣೆಗಟ್ಟಿದ ಜಿಡ್ಡು. ಹತ್ತರಿ ಹಾಕಿದಾಗ ಒಳಗಿಂದ ಅರಿಸಿನದ ಹಾಗೆ ಹಳದಿ ಮರ ಎದ್ದು ಬಂತು. ವೀಣೆಯನ್ನೂ ಯಕ್ಷಗಾನದ ಮದ್ದಳೆಯನ್ನೂ ಇದರಲ್ಲೇ ಮಾಡುತ್ತಾರೆ. ಹಲಸಿನ ಹಲಗೆಗೆ ಬೆರಳ ಗೆಣ್ಣಿನಿಂದ ಬಡಿದು ಕೇಳಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಮರ ಆರಿಸುವ ವಿಷಯದಲ್ಲಿ ನಾನು ಸ್ವಲ್ಪ ಬಿಗಿಯಾಗಿಯೇ ಮಾತಾಡುತ್ತೇನೆ. ಬೆಕ್ಕು ತಾನು ಮಲಗಿದ ಹಲಗೆಯ ವಾಸನೆಯನ್ನು, ಧೂಳನ್ನು ಮೈಗೆ ಹಚ್ಚಿಕೊಂಡು ಆಮೇಲೆ ಮೈಯನ್ನೆಲ್ಲ ನೆಕ್ಕಿಕೊಳ್ಳುತ್ತದೆ. ಹಲಗೆಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ. ನಮ್ಮ ಯಕೃತ್ತು ಸಲೀಸಾಗಿ ಕರಗಿಸುವ ಕೆಲವು ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು. ಅದಕ್ಕೆ ಬೇಕಾದ ಕಿಣ್ವ ಅವುಗಳಲ್ಲಿ ಬಹಳ ಕಡಿಮೆ. ಫಿನಾಯಿಲ್ ಬಗೆಯ ಫೀನಾಲ್ ದ್ರವಗಳು ಬೆಕ್ಕಿಗೆ ಅಪಾಯವಾಗುವುದು ಇದರಿಂದ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಬೆಕ್ಕಿನ ಜೀವ ತೆಗೆಯಬಲ್ಲದು. ಗೆದ್ದಲು, ಕುಟ್ಟೆಹುಳುವಿಗೆಂದು ಮರಕ್ಕೆ ಹಚ್ಚುವ ಔಷಧಗಳಲ್ಲಿ ಪರ್ಮೆಥ್ರಿನ್ ಇರುವುದುಂಟು. ಅದೂ ಬೆಕ್ಕಿಗೆ ವಿಷ. ಆದ್ದರಿಂದ ಔಷಧ ಹಚ್ಚಿದ ಮರ, ಟಾರು ಬಳಿದ ಕಂಬ, ಎಲ್ಲಿಂದ ಬಂತೆಂದು ಗೊತ್ತಿಲ್ಲದ ಹಲಗೆ ಬೇಡ.

ಕಾರ್ಖಾನೆಗಳ ಹೊರಗೆ ರಾಶಿ ಬೀಳುವ ಪ್ಯಾಕಿಂಗ್ ಹಲಗೆಗಳು ಅಗ್ಗ, ಹಗುರ, ಚೆಂದದ ಪೈನ್ ಮರ. ಅವನ್ನು ಕೊಳ್ಳುವ ಮೊದಲು ಪಕ್ಕದಲ್ಲಿ ಸುಟ್ಟು ಒತ್ತಿದ ಮುದ್ರೆ ಹುಡುಕಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಕಿಂಗ್ ಮರಕ್ಕೆ ಗೋಧಿ ತೆನೆಯ ಚಿತ್ರದ ಮುದ್ರೆ ಕಡ್ಡಾಯ. ಅದರಲ್ಲಿ 'ಎಚ್‌ಟಿ' ಎಂದಿದ್ದರೆ ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಟ್ಟು ಹುಳು ಕೊಂದಿದ್ದಾರೆ ಎಂದರ್ಥ. ಅದನ್ನು ಬಳಸಬಹುದು. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಟ್ಟದ್ದು. ಅದು ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಿ. ಮುದ್ರೆಯೇ ಇಲ್ಲದಿದ್ದರೂ ಬಿಡಿ. ರಾಸಾಯನಿಕವೋ ಎಣ್ಣೆಯೋ ಚೆಲ್ಲಿದ ಕಲೆಯಿದ್ದರಂತೂ ಮುಟ್ಟಬೇಡಿ.

ಮೆರುಗಿಗೆ ನಾನು ಬಳಸುವುದು ಹಸಿ ಅಗಸೆ ಎಣ್ಣೆ ಮತ್ತು ಜೇನುಮೇಣ. ಹಾರ್ಡ್‌ವೇರ್ ಅಂಗಡಿಯ 'ಬಾಯ್ಲ್ಡ್' ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ, ಅದು ಬೇಡ. ಹಚ್ಚಿ ಎರಡು ವಾರ ಬಿಸಿಲು ಗಾಳಿಗೆ ಬಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಮನೆಯೊಳಗೆ ತರುತ್ತೇನೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ. ಬಣ್ಣ ಬೇಕೇ ಬೇಕೆನ್ನುವವರು ಚನ್ನಪಟ್ಟಣದ ಕಡೆ ನೋಡಲಿ. ಹಾಲೆ ಮರವನ್ನು ತಿರುಗಣಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುತ್ತಾರೆ. ಕೆಂಚನಿಗೆ ಅಲ್ಲಿಂದ ತಂದ ಗುಂಡೊಂದಿದೆ. ರಾತ್ರಿ ಎರಡು ಗಂಟೆಗೆ ಅದನ್ನು ಟೈಲ್ಸಿನ ಮೇಲೆ ಉರುಳಿಸುತ್ತಾನೆ. ಬಾಯಿ ಹಾಕಿದರೂ ಭಯವಿಲ್ಲ ಎಂದು ಮಗ್ಗುಲು ಬದಲಿಸಿ ಮಲಗುತ್ತೇನೆ.

ಅಟ್ಟ ಕಟ್ಟುವಾಗ ಹತ್ತುವುದರ ಬಗ್ಗೆಯೇ ಯೋಚಿಸಿದ್ದೆ. ಇಳಿಯುವುದು ಮರೆತಿತ್ತು. ಐದಡಿ ಎತ್ತರದ ಹಲಗೆಗೆ ಕೆಂಚ ಕಂಬದ ಮೇಲಿಂದ ಸಲೀಸಾಗಿ ಹಾರಿದ. ಇಳಿಯಬೇಕಾದಾಗ ಅಂಚಿನಲ್ಲಿ ನಿಂತು ಕೂಗತೊಡಗಿದ. ಬೆಕ್ಕಿನ ಉಗುರು ಹಿಂದಕ್ಕೆ ಬಾಗಿದ ಕೊಕ್ಕೆ. ಹತ್ತುವಾಗ ಅದು ಮೈತೂಕವನ್ನು ಹಿಡಿದಿಡುತ್ತದೆ, ತಲೆ ಕೆಳಗೆ ಮಾಡಿ ಇಳಿಯುವಾಗ ಹಿಡಿಯುವುದೇ ಇಲ್ಲ. ತೆಂಗಿನ ಮರ ಹತ್ತಿದ ಬೆಕ್ಕು ಇಳಿಯಲಾರದೆ ಊರನ್ನೇ ಎಬ್ಬಿಸುವುದು ಇದೇ ಕಾರಣಕ್ಕೆ. ಒಂದೋ ಹಿಮ್ಮುಖವಾಗಿ ಜಾರಬೇಕು, ಇಲ್ಲವೇ ಧುಮುಕಬೇಕು. ಪ್ರತಿ ದಿನ ಐದಡಿಯಿಂದ ಟೈಲ್ಸಿನ ಮೇಲೆ ಧುಮುಕಿದರೆ ಮುಂಗಾಲ ಕೀಲುಗಳ ಗತಿ ಏನು? ಹಾಗಾಗಿ ಎಡಕ್ಕೊಂದು ಬಲಕ್ಕೊಂದು ಎಂದು ಮೂರು ಮೆಟ್ಟಿಲು ಸೇರಿಸಿದೆ. ಒಂದೊಂದೂ ಒಂದಡಿ ಅಗಲ, ನಡುವಿನ ಎತ್ತರ 14 ಇಂಚು, ಮೇಲೆ ಜಾರದಂತೆ ಗೋಣಿತಟ್ಟು. ಹಲಗೆಯ ಅಂಚುಗಳನ್ನು ಉಪ್ಪುಕಾಗದದಲ್ಲಿ ಉರುಟು ಮಾಡಿದೆ. ಕಿಟಕಿಗೆ ಹೊರಗಿನಿಂದ ಗಟ್ಟಿ ಜಾಲರಿ ಹಾಕಿಸಿದೆ. ಇದರಲ್ಲಿ ರಾಜಿ ಬೇಡ. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದ್ದರು. ಚಿಕಿತ್ಸೆ ಪಡೆದವುಗಳಲ್ಲಿ ಶೇ 90ರಷ್ಟು ಬದುಕಿದವು ಎಂಬುದನ್ನೇ ಜನ ನೆನಪಿಟ್ಟುಕೊಂಡಿದ್ದಾರೆ. ಅವುಗಳ ಎದೆಗೆ, ಮುಖಕ್ಕೆ ಆದ ಪೆಟ್ಟುಗಳ ಪಟ್ಟಿಯೂ ಅದೇ ವರದಿಯಲ್ಲಿದೆ.

ಬೆಕ್ಕಿಗಾಗಿ ಬಡಗಿಯನ್ನು ಕರೆಸಿದವರಲ್ಲಿ ನಾನು ಮೊದಲನೆಯವಳೇನಲ್ಲ. ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲ್‌ನಲ್ಲಿ ಹಳೇ ಗಡಿಯಾರದ ಕೆಳಗೊಂದು ಮರದ ಬಾಗಿಲಿದೆ, ಅದರ ಅಡಿಭಾಗದಲ್ಲೊಂದು ದುಂಡನೆಯ ತೂತು. ಬಿಷಪ್ಪರ ಬೆಕ್ಕು ಓಡಾಡಲೆಂದು ಆ ತೂತು ಕೊರೆಸಿದ್ದಕ್ಕೆ 1598ರಲ್ಲಿ ಬಡಗಿಗಳಿಗೆ ಎಂಟು ಪೆನ್ನಿ ಕೊಟ್ಟ ಲೆಕ್ಕ ಅಲ್ಲಿನ ದಾಖಲೆಯಲ್ಲಿದೆ. ಅದಕ್ಕೂ ಹಿಂದೆ, 1305ರಿಂದ 1467ರವರೆಗೆ, ಬೆಕ್ಕಿನ ಖರ್ಚಿಗೆಂದು ಮೂರು ತಿಂಗಳಿಗೆ 13 ಪೆನ್ನಿ ತೆಗೆದಿಡುತ್ತಿದ್ದರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಮಹಡಿ ಮನೆಗಳ ಹೊರಗೋಡೆಗೆ ಬೆಕ್ಕಿನ ಏಣಿಗಳನ್ನು ಕಟ್ಟಿರುತ್ತಾರೆ. ಕಿಟಕಿಯಿಂದ ನೆಲದವರೆಗೆ ಸೊಟ್ಟಪಟ್ಟ ಇಳಿಯುವ ಹಲಗೆ, ಅದಕ್ಕೆ ಅಡ್ಡಡ್ಡ ಹೊಡೆದ ಪಟ್ಟಿಗಳು. ಚಿತ್ರ ನೋಡಿದರೇ ಆ ಬೆಕ್ಕು ಯಾವ ಕಿಟಕಿಯದು, ಯಾವ ಮರಕ್ಕೆ ಹೋಗುತ್ತದೆ ಎಂದು ತಿಳಿಯುತ್ತದೆ. ಜಪಾನಿನ ಒಕಾವಾ ಪೀಠೋಪಕರಣಕ್ಕೆ ಹೆಸರಾದ ಊರು. ಅಲ್ಲಿನ ಕುಶಲಕರ್ಮಿಗಳು ಕೆಲವು ವರ್ಷಗಳ ಹಿಂದೆ ಬೆಕ್ಕಿಗೆಂದು ಪುಟ್ಟ ಮಂಚ, ಪುಟ್ಟ ಸೋಫಾ ಮಾಡಿ ತೋರಿಸಿದರು. ಕೈಕೆಲಸ ಅದ್ಭುತ. ಆದರೆ ನನಗೆ ಅದಕ್ಕಿಂತ ಬರ್ನ್‌ನ ಒರಟು ಏಣಿ ಹೆಚ್ಚು ಇಷ್ಟ. ಮಂಚ, ಸೋಫಾ ಮನುಷ್ಯರ ಮೈಗೆ ಹುಟ್ಟಿದ ಆಕಾರಗಳು, ಅವನ್ನು ಎಷ್ಟು ಕುಗ್ಗಿಸಿದರೂ ಬೆಕ್ಕಿನದಾಗುವುದಿಲ್ಲ. ಏಣಿ ಮಾಡಿದವರು ಬೆಕ್ಕಿನ ಹೆಜ್ಜೆ ಅಳೆದಿದ್ದಾರೆ.

ನಾನು ಕೆಂಚನಿಗೆ ಮಾಡಿದ ಮೂರನೆಯದು ಗೂಡು. ಅದಕ್ಕೆ ಪ್ರೇರಣೆ ದೀಪಾವಳಿ. ಪಟಾಕಿ ಶುರುವಾದರೆ ಕೆಂಚ ಬಚ್ಚಲ ಮೂಲೆಗೆ ಹೋಗಿ ಬಕೆಟ್ಟಿನ ಹಿಂದೆ ನಡುಗುತ್ತ ಕೂರುತ್ತಿದ್ದ. ನೆದರ್ಲೆಂಡ್ಸಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಓದಿದ್ದೆ. ಆಶ್ರಯಕೇಂದ್ರಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಹತ್ತಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, ಒಂಬತ್ತಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕವು ಬೇಗ ಸುಧಾರಿಸಿಕೊಂಡವು. ಹೆದರಿದ ಬೆಕ್ಕನ್ನು ಎತ್ತಿ ಅಪ್ಪಿಕೊಳ್ಳಬೇಕೆಂದು ನಮಗನ್ನಿಸುತ್ತದೆ, ಅದಕ್ಕೆ ಬೇಕಾದದ್ದು ಯಾರಿಗೂ ಕಾಣದಿರುವುದು. ಉಳಿದ ಹಲಸಿನ ಹಲಗೆಗಳಲ್ಲಿ ಒಂದೂವರೆ ಅಡಿಯ ಪೆಟ್ಟಿಗೆ ಮಾಡಿ, ಏಳಿಂಚಿನ ದುಂಡು ಬಾಗಿಲು ಕೊರೆದು, ಹಿಂದೆ ಇನ್ನೊಂದು ಸಣ್ಣ ಬಾಗಿಲಿಟ್ಟೆ. ಒಂದೇ ಬಾಗಿಲಿದ್ದರೆ ಅದು ಗೂಡಲ್ಲ, ಬೋನು. ಒಳಗೆ ಅಮ್ಮನ ಹಳೇ ಹತ್ತಿ ಸೀರೆ ಮಡಿಸಿ ಹಾಸಿದೆ. ಆ ವರ್ಷ ಬಲಿಪಾಡ್ಯಮಿಯ ರಾತ್ರಿ ಅವನು ಅದರೊಳಗಿದ್ದ. ಟಾರ್ಚು ಹಾಕಿ ನೋಡಲಿಲ್ಲ. ಬೆಳಿಗ್ಗೆ ಸೀರೆ ಬೆಚ್ಚಗಿತ್ತು.

ಈಗ ಕೆಂಚನಿಗೆ 13 ವರ್ಷ. ಕಳೆದ ಚಳಿಗಾಲದಲ್ಲಿ ಅವನು ಅಟ್ಟಕ್ಕೆ ಹೋಗುವುದನ್ನು ನಿಲ್ಲಿಸಿದ. ಮೊದಲು ಗಮನಿಸಲಿಲ್ಲ. ಮೊದಲನೇ ಮೆಟ್ಟಿಲ ಬುಡದಲ್ಲಿ ನಿಂತು, ಮೇಲೆ ನೋಡಿ, ಹಿಂಗಾಲು ಒಮ್ಮೆ ಕುಗ್ಗಿಸಿ, ಬೇಡವೆಂದು ತಿರುಗಿ ಹೋಗುತ್ತಿದ್ದ. ವಯಸ್ಸಾಯಿತು, ಸೋಮಾರಿಯಾದ ಎಂದು ಮನೆಯಲ್ಲಿ ಅಂದುಕೊಂಡೆವು. ಎಕ್ಸ್‌ರೇ ತೆಗೆಸಿದಾಗ ಸೊಂಟದಲ್ಲೂ ಮೊಣಕೈಯಲ್ಲೂ ಕೀಲು ಸವೆದದ್ದು ಕಂಡಿತು. ವಯಸ್ಸಾದ ಬೆಕ್ಕುಗಳಲ್ಲಿ ಇದು ಎಷ್ಟು ಸಾಮಾನ್ಯ ಎಂದರೆ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಪಶುವೈದ್ಯರು 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದಾಗ 90ರಲ್ಲಿ ಕೀಲು ಸವೆತದ ಗುರುತು ಸಿಕ್ಕಿತ್ತು. ಬೆಕ್ಕು ಕುಂಟುವುದಿಲ್ಲ, ಕೂಗುವುದಿಲ್ಲ. ಮಾಡುತ್ತಿದ್ದದ್ದನ್ನು ಒಂದೊಂದಾಗಿ ಬಿಟ್ಟುಬಿಡುತ್ತದೆ. ಅದರ ನೋವು ನಮಗೆ ಕಾಣುವುದು ಅದು ಬಿಟ್ಟುಕೊಟ್ಟ ಜಾಗಗಳಲ್ಲಿ.

ಮತ್ತೆ ಟೇಪು ಹಿಡಿದೆ. ಈ ಸಲ ಅವನು ಅದರ ಜೊತೆ ಆಡಲಿಲ್ಲ. ನೋವಿಲ್ಲದೆ ಅವನು ಕಾಲೆತ್ತಿ ಇಡುವುದು ಐದಿಂಚು, ಬಹಳವೆಂದರೆ ಆರು. 14 ಇಂಚಿನ ಮೆಟ್ಟಿಲುಗಳನ್ನು ಬಿಚ್ಚಿದೆ. ಅಟ್ಟವನ್ನು ಐದಡಿಯಿಂದ ಎರಡಡಿಗೆ, ಕಿಟಕಿಯ ಕಟ್ಟೆಯ ಸಮಕ್ಕೆ ಇಳಿಸಿದೆ. ನೆಲದಿಂದ ಅಲ್ಲಿಗೆ ಆರಡಿ ಉದ್ದದ ಇಳಿಜಾರು ಹಲಗೆ, ಬರ್ನ್‌ನ ಏಣಿಯ ಹಾಗೆ ಮೂರಿಂಚಿಗೊಂದು ಅಡ್ಡಪಟ್ಟಿ. ಪಟ್ಟಿಗಳನ್ನು ಹೊಡೆಯುವಾಗ ಅಮ್ಮ ಊರಿಂದ ಬಂದಿದ್ದಳು. ಅವಳಿಗೂ ಮೊಣಕಾಲು ನೋವು. ಕುರ್ಚಿಯಲ್ಲಿ ಕೂತು ನೋಡುತ್ತಿದ್ದವಳು, "ಅವನಿಗೆ ಹಿಡ್ಕೊಳ್ಳೋಕೆ ಏನೂ ಬೇಡ್ವೇನೇ?" ಎಂದಳು. ಹಲಗೆಯ ಎರಡೂ ಬದಿಗೆ ಒಂದಿಂಚಿನ ಅಂಚು ಕಟ್ಟಿದೆ. ಅವಳ ಬಚ್ಚಲಿಗೂ ಗೋಡೆಗೊಂದು ಕಂಬಿ ಹಾಕಿಸಿದ್ದು ಅದೇ ವಾರ.

ಯುಗಾದಿಗೆ ಮುಂಚೆ ಕಂಬದ ಹಗ್ಗ ಬದಲಿಸಲು ಕೂತೆ. ಬಿಚ್ಚುವಾಗ ಸುತ್ತುಗಳ ಸಂದಿನಿಂದ ಉಗುರಿನ ಪೊರೆಗಳು ಉದುರಿದವು. ಅಕ್ಕಿಕಾಳಿನಷ್ಟು ಉದ್ದದ, ಬಿದಿಗೆಯ ಚಂದ್ರನ ಹಾಗೆ ಬಾಗಿದ, ಊದಿದರೆ ಹಾರುವ ಪೊರೆಗಳು. ಅವನ್ನು ಒಂದು ಡಬ್ಬಿಗೆ ಹಾಕಿಟ್ಟೆ. ಹಿಂದೆ ಹಗ್ಗ ಬದಲಿಸಿದಾಗಲೆಲ್ಲ ಹರಿದು ಎಳೆಯೆದ್ದಿರುತ್ತಿದ್ದದ್ದು ಮೇಲ್ಭಾಗ, 24ರಿಂದ 31 ಇಂಚಿನವರೆಗೆ. ಈ ಸಲ ಅಲ್ಲಿನ ಹಗ್ಗ ಅಂಗಡಿಯಿಂದ ತಂದ ಬಣ್ಣದಲ್ಲೇ ಇತ್ತು. ಸವೆದದ್ದೆಲ್ಲ ಕೆಳಗೆ. ಆಚಾರ್ರಿಗೆ ಫೋನ್ ಮಾಡಿದೆ. "22 ಇಂಚು ಆಚಾರ್ರೇ" ಎಂದೆ. ಅವರ ಕಡೆಯಿಂದ ಸ್ವಲ್ಪ ಹೊತ್ತು ಗರಗಸದ ಸದ್ದು ಮಾತ್ರ ಕೇಳಿತು. "ಮೇಲಿಂದು ಹಂಗೇ ಇರ್ಲಿ ಬಿಡಿ ಅಮ್ಮಾ. ಕೆಳಗಿಂದ 22ರ ತನಕ ಹೊಸದು ಸುತ್ತಿ."

ಎಪ್ಪತ್ತು ಸುತ್ತು, 24 ಮೀಟರ್. ಮಗಳು ಈಗ ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ಕಂಬ ಉರುಳಿಸುವುದು, ಹಗ್ಗ ಬಿಗಿಯುವುದು ಎರಡೂ ನಾನೇ. ಅರವತ್ತನೇ ಸುತ್ತಿನ ಹೊತ್ತಿಗೆ ಕೆಂಚ ಇಳಿಜಾರು ಹಲಗೆಯಲ್ಲಿ ಒಂದೊಂದೇ ಪಟ್ಟಿ ತುಳಿದು ಕೆಳಗೆ ಬಂದ. ನೆಲದಲ್ಲಿದ್ದ ಹಗ್ಗದ ಸುರುಳಿಯನ್ನು ಮೂಸಿ, ಅದರ ಮೇಲೆಯೇ ಎಡ ಪಕ್ಕೆಗೆ ಮಲಗಿದ. ಅವನು ಎದ್ದ ಮೇಲೆ ಉಳಿದ ಹತ್ತು ಸುತ್ತು ಮುಗಿಸಿದೆ.